‘ಫ್ರಮ್ ಸ್ಕ್ರ್ಯಾಚ್’: ಗೆರೆಯಿಂದ ಹೊರಟ ಒಂದು ನುಡಿಗಟ್ಟು

ಐಚ್ಛಿಕ ಕನ್ನಡದ ಅನುವಾದದ ಉತ್ತರಗಳಲ್ಲಿ ಇಂಗ್ಲಿಷಿನ ‘ಫ್ರಮ್ ಸ್ಕ್ರ್ಯಾಚ್’ ಎಂಬ ಆಡುಮಾತು ಸಾಮಾನ್ಯವಾಗಿ ‘ಮೊದಲಿನಿಂದ’ ಎಂದಾಗುತ್ತದೆ. ಇದು ಪೂರ್ತಿ ತಪ್ಪಲ್ಲ, ಆದರೆ ಸಾಲದು. ‘ಆಕೆ ಆ ಸಂಸ್ಥೆಯನ್ನು ಮೊದಲಿನಿಂದ ಕಟ್ಟಿದಳು’ ಎಂದರೆ ಆರಂಭದ ದಿನದಿಂದಲೂ ಆಕೆ ಅದರಲ್ಲಿದ್ದಳೆಂದು ಓದುಗ ತಿಳಿದಾನು. ಮೂಲದ ಅಭಿಪ್ರಾಯ ಬೇರೆ: ಹೊರಟಾಗ ಆಕೆಯ ಕೈಯಲ್ಲಿ ಏನೂ ಇರಲಿಲ್ಲ.

ಈ ಅರ್ಥ ಹುಟ್ಟಿದ್ದು ಇಂಗ್ಲೆಂಡಿನ ಆಟದ ಬಯಲಿನಲ್ಲಿ. ‘ಸ್ಕ್ರ್ಯಾಚ್’ ಎಂದರೆ ನೆಲದ ಮೇಲೆ ಗೀರಿದ ಗೆರೆ. 1838ರ ಲಂಡನ್ ಮುಷ್ಟಿಯುದ್ಧದ ನಿಯಮಗಳಂತೆ, ಪೆಟ್ಟು ತಿಂದು ಬಿದ್ದವನು 30 ಸೆಕೆಂಡುಗಳ ವಿರಾಮದ ಬಳಿಕ 8 ಸೆಕೆಂಡುಗಳೊಳಗೆ ಯಾರ ಆಸರೆಯೂ ಇಲ್ಲದೆ ಕಣದ ನಡುವಿನ ಗೆರೆಗೆ ಬರಬೇಕಿತ್ತು. ಓಟದ ಪಂದ್ಯಗಳಲ್ಲಿ ದುರ್ಬಲರನ್ನು ಕೆಲವು ಗಜ ಮುಂದೆ ನಿಲ್ಲಿಸುವ ರಿಯಾಯಿತಿ ಇತ್ತು; ರಿಯಾಯಿತಿಯಿಲ್ಲದವನು ಮೂಲ ಗೆರೆಯಿಂದಲೇ ಓಡುತ್ತಿದ್ದ. ಹೀಗೆ ಈ ನುಡಿಗಟ್ಟಿನ ತಿರುಳು ಆರಂಭವಲ್ಲ, ಅನುಕೂಲವಿಲ್ಲದ ಆರಂಭ.

ಆದ್ದರಿಂದ ಇದಕ್ಕೆ ಒಂದೇ ಕನ್ನಡ ಪದವನ್ನು ಬಾಯಿಪಾಠ ಮಾಡುವುದು ವ್ಯರ್ಥ. ಸಂಸ್ಥೆ ಕಟ್ಟಿದವರ ವಿಷಯದಲ್ಲಿ ‘ಬರಿಗೈಯಿಂದ’, ಭಾಷೆ ಕಲಿಯುವವರ ವಿಷಯದಲ್ಲಿ ‘ಓನಾಮದಿಂದ’, ಕೆಟ್ಟ ಬರಹವನ್ನು ತಿದ್ದುವಾಗ ‘ಹೊಸದಾಗಿ’ ಎಂಬುದು ಒಪ್ಪುತ್ತದೆ. ಅಡುಗೆಯ ಮಾತಾದರೆ ‘ಸಿದ್ಧ ಪುಡಿ ಬಳಸದೆ ಎಲ್ಲವನ್ನೂ ಮನೆಯಲ್ಲೇ ಮಾಡಿ’ ಎಂದು ಬಿಡಿಸಿ ಹೇಳುವುದೇ ಲೇಸು. ಕನ್ನಡದ ‘ಶ್ರೀಕಾರ ಹಾಕು’, ‘ನಾಂದಿ ಹಾಡು’, ಮರಾಠಿಯ ‘ಶ್ರೀಗಣೇಶಾ ಕರಣೆ’ ಇವೆಲ್ಲವೂ ಆರಂಭದ ನುಡಿಗಳೇ. ಆದರೆ ಅವು ಶುಭವನ್ನು ಕೋರುತ್ತವೆ, ಹೊರಡುವವನ ಕೈ ಬರಿದೆಂದು ಹೇಳುವುದಿಲ್ಲ. ಅವನ್ನು ಇಲ್ಲಿ ತಂದರೆ ವಾಕ್ಯಕ್ಕೆ ಮಂಗಳದ ಬಣ್ಣ ಬರುತ್ತದೆ, ಅರ್ಥ ಜಾರುತ್ತದೆ.

ಅಕ್ಕಲಕೋಟೆ, ಜತ್ತಗಳಂಥ ಗಡಿಭಾಗದಲ್ಲಿ ಈ ವಿವೇಚನೆಗೆ ಇನ್ನೊಂದು ಮಹತ್ವವುಂಟು. ಮರಾಠಿ ಶಾಲೆಯಿಂದ ಬಂದು ಕನ್ನಡವನ್ನು ಆರಿಸಿಕೊಂಡ ವಿದ್ಯಾರ್ಥಿ ತಾನು ‘ಫ್ರಮ್ ಸ್ಕ್ರ್ಯಾಚ್’ ಕಲಿಯುತ್ತಿದ್ದೇನೆಂದು ಹಿಂಜರಿಯುವುದುಂಟು. ಮನೆಯಲ್ಲಿ ಕನ್ನಡವಾಡುವವನಿಗೆ ಆ ಮಾತು ಸಲ್ಲದು. ಅವನಿಗೆ ಹೊಸದಾಗಿರುವುದು ಲಿಪಿ ಮತ್ತು ಗ್ರಂಥಭಾಷೆ. ಕ್ರಿಯಾಪದದ ರೂಪಗಳು, ಗಾದೆಗಳು, ಒಗಟುಗಳು ಅವನ ಕಿವಿಯಲ್ಲಿ ಆಗಲೇ ನೆಲೆಸಿವೆ. ಜೊತೆಗೆ ಮರಾಠಿಯ ನುಡಿಗಟ್ಟುಗಳ ಬಲವೂ ಅವನಿಗಿದೆ. ಓಟದ ಲೆಕ್ಕದಲ್ಲಿ ಅವನು ಗೆರೆಗಿಂತ ಹಲವು ಗಜ ಮುಂದೆಯೇ ನಿಂತಿದ್ದಾನೆ. ಆ ಮುನ್ನಡೆಯನ್ನು ಕೀಳೆಂದು ಮರೆಮಾಡದೆ, ಮನೆಮಾತನ್ನು ಅನುವಾದದ ಹಾಳೆಗೆ ಧೈರ್ಯವಾಗಿ ತರುವುದನ್ನು ಅವನು ಕಲಿಯಬೇಕು. ತರಗತಿಯೂ ಅದಕ್ಕೆ ಎಡೆಗೊಡಬೇಕು.