ಹಾಡು ಹಂಚಿಕೊ, ಅಭಿಪ್ರಾಯ ನುಂಗಿಕೊ!

ನಮ್ಮ ಮನೆಗಳಲ್ಲಿ ಹೊಸದೊಂದು ಬುದ್ಧಿವಾದ ಚಲಾವಣೆಗೆ ಬಂದಿದೆ. ಮಗ ಕಾಲೇಜು ಸೇರಿ ಕೈಗೆ ಮೊಬೈಲ್ ಬಂದ ದಿನವೇ ತಂದೆ ಹೇಳುತ್ತಾರೆ: "ಬೇಕಾದರೆ ಹಾಡು ಹಾಕು, ಕ್ರಿಕೆಟ್ ಹಾಕು, ನಗೆ ಬರಿಸುವ ವಿಡಿಯೊ ಹಾಕು. ರಾಜಕೀಯ ಮಾತ್ರ ಬೇಡ. ನಮ್ಮ ಹೆಸರು ನೋಡಿದರೆ ಸಾಕು, ಬೇರೆ ಅರ್ಥ ಕಟ್ಟುತ್ತಾರೆ." ತಾಯಿ ದನಿಗೂಡಿಸುತ್ತಾರೆ, ಜಮಾಅತಿನ ಹಿರಿಯರು ತಲೆದೂಗುತ್ತಾರೆ. ಈ ಮಾತಿನ ಹಿಂದಿನ ಭಯ ಸುಳ್ಳೇನಲ್ಲ. ಆದರೆ ಭಯವನ್ನು ವಿವೇಕವೆಂದು ಕರೆಯುವುದನ್ನು ಒಪ್ಪಲಾಗದು.

ಯಾವುದೇ ಯುವಕನ ಫೇಸ್‌ಬುಕ್ ಪುಟವನ್ನೋ ವಾಟ್ಸಾಪ್ ಸ್ಟೇಟಸನ್ನೋ ನೋಡಿ. ಬೆಳಿಗ್ಗೆ ಮುಹಮ್ಮದ್ ರಫಿಯ ಹಾಡು, ಮಧ್ಯಾಹ್ನ ಬೆಕ್ಕು ಮೇಜಿನಿಂದ ಬೀಳುವ ವಿಡಿಯೊ, ಸಂಜೆ ಯಾವ ಫೋನಿನ ಪ್ರೊಸೆಸರ್ ಉತ್ತಮ ಎಂಬ ಜಗಳ, ರಾತ್ರಿ ಬಸ್ ದರ ಏರಿಕೆಯ ಬಗ್ಗೆ ಸಿಟ್ಟಿನ ನಾಲ್ಕು ಸಾಲು. ಇವೆಲ್ಲ ಸೇರಿದರೇ ಒಬ್ಬ ಮನುಷ್ಯ. ಹಿಂದೆ ಚಹಾದಂಗಡಿಯ ಬೆಂಚಿನಲ್ಲಿ ನಡೆಯುತ್ತಿದ್ದುದೂ ಇದೇ. ಅಲ್ಲಿ ಹಾಡಿಗೊಂದು, ರಾಜಕೀಯಕ್ಕೊಂದು ಬೇರೆ ಬೇರೆ ಲೋಟ ಇಟ್ಟವರಿರಲಿಲ್ಲ. ಈಗ ಆ ಮನುಷ್ಯನಿಂದ ನಾಲ್ಕನೆಯದನ್ನು ಕಿತ್ತು ಉಳಿದ ಮೂರನ್ನು ಮಾತ್ರ ಇಟ್ಟುಕೋ ಎನ್ನುತ್ತಿದ್ದೇವೆ.

ಭಯಕ್ಕೆ ಕಾರಣವಿದೆ. 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದುದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು. ಗೆಳತಿ ಅದಕ್ಕೆ 'ಲೈಕ್' ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಬಳಿಕ ಮೊಕದ್ದಮೆ ಕೈಬಿಡಲಾಯಿತು. ಆದರೆ ಮೆಚ್ಚುಗೆಯ ಒಂದು ಗುಂಡಿ ಒತ್ತಿದ್ದಕ್ಕೂ ಠಾಣೆ ಹತ್ತಬೇಕಾದೀತು ಎಂಬ ಪಾಠ ಮಾತ್ರ ದೇಶದ ಮೂಲೆಮೂಲೆಗೂ ತಲುಪಿತು. ಇಂತಹ ಬಂಧನಗಳಿಗೆ ಅಸ್ತ್ರವಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಈ ಎರಡನೆಯ ಪಾಠ ಮಾತ್ರ ಎಲ್ಲೂ ತಲುಪಲಿಲ್ಲ. ಸತ್ತ ಕಲಮಿನಡಿ ಪೊಲೀಸರು ಆಮೇಲೂ ಕೇಸು ದಾಖಲಿಸುತ್ತಲೇ ಇದ್ದರು. 2021ರಲ್ಲಿ ನ್ಯಾಯಾಲಯ ಅದಕ್ಕೆ ಆಘಾತ ವ್ಯಕ್ತಪಡಿಸಬೇಕಾಯಿತು, 2022ರಲ್ಲಿ ಮತ್ತೆ ನಿರ್ದೇಶನ ಕೊಡಬೇಕಾಯಿತು. ಠಾಣೆಗೆ ಗೊತ್ತಿಲ್ಲದ್ದು ನಮ್ಮ ಮೊಹಲ್ಲಾಕ್ಕೂ ಗೊತ್ತಿಲ್ಲವಾದರೆ ಆ ತೀರ್ಪಿನಿಂದ ಯಾರಿಗೆ ಪ್ರಯೋಜನ?

ಇನ್ನು, ರಾಜಕೀಯ ಬಿಟ್ಟು ನಗು ಹಂಚಿದರೆ ಕ್ಷೇಮವೆಂಬುದಾದರೂ ನಿಜವೇ? ಹಾಸ್ಯ ಕಲಾವಿದ ಮುನವ್ವರ್ ಫಾರೂಕಿಯನ್ನು 2021ರ ಜನವರಿ 1ರಂದು ಇಂದೋರ್‌ನ ಕಾರ್ಯಕ್ರಮದಲ್ಲಿ ಬಂಧಿಸಲಾಯಿತು. ಸುಪ್ರೀಂ ಕೋರ್ಟ್‌ನಿಂದ ಮಧ್ಯಂತರ ಜಾಮೀನು ಸಿಗುವಾಗ ಒಂದು ತಿಂಗಳು ದಾಟಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಬೆಂಗಳೂರಿನ ಅವರ ಕಾರ್ಯಕ್ರಮಕ್ಕೂ ಶಾಂತಿ ಸುವ್ಯವಸ್ಥೆಯ ಹೆಸರಿನಲ್ಲಿ ಪೊಲೀಸರು ತಡೆಯೊಡ್ಡಿದರು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯ ಬಳಿ ಜನರ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ಸ್ನೇಹಿತರೊಂದಿಗೆ ಬಂದಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದರು, ಅಷ್ಟೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ತಲುಪಿತ್ತು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸುವ ಮಿತಿಯನ್ನು ಪ್ರಕಟಿಸಿತು. ಐದು ಮಂದಿ ತಲಾ ಐವರಿಗೆ ಕಳುಹಿಸಿದರೂ ಊರು ತುಂಬಲು ಎಷ್ಟು ಹೊತ್ತು ಬೇಕು? ತಡೆ ಇರಬೇಕಾದದ್ದು ಕಳುಹಿಸುವವನ ಮನಸ್ಸಿನಲ್ಲಿ.

ಹೀಗಿರುವಾಗ ಮೌನ ಯಾರನ್ನೂ ಕಾಪಾಡದು. ಸಭ್ಯರು ಬಾಯಿ ಮುಚ್ಚಿಕೊಂಡರೆ ಮೈದಾನ ದ್ವೇಷದ ವ್ಯಾಪಾರಿಗಳಿಗೆ ಬಿಟ್ಟುಕೊಟ್ಟಂತೆ. ರಸ್ತೆ, ಶಾಲೆ, ಉದ್ಯೋಗದ ಬಗ್ಗೆ ತರ್ಕಬದ್ಧವಾಗಿ ನಾಲ್ಕು ಮಾತು ಬರೆಯಬಲ್ಲ ಮುಸ್ಲಿಮ್ ಯುವಕ ಯುವತಿಯರು ಕಾಣೆಯಾದರೆ, ಟಿ.ವಿ. ಚರ್ಚೆಯಲ್ಲಿ ಅರಚುವವನೇ ಸಮುದಾಯದ ಪ್ರತಿನಿಧಿಯಾಗುತ್ತಾನೆ.

ಆದರೆ ಆಡುವ ಸ್ವಾತಂತ್ರ್ಯ ಕೇಳುವ ನಾವು ಅದನ್ನು ಕೊಡುತ್ತಿದ್ದೇವೆಯೇ? 2017ರಲ್ಲಿ ಶಿವಮೊಗ್ಗ ಜಿಲ್ಲೆಯ ಮುಸ್ಲಿಮ್ ಯುವತಿಯೊಬ್ಬಳು ಕನ್ನಡದ ಟಿ.ವಿ. ಸಂಗೀತ ಸ್ಪರ್ಧೆಯಲ್ಲಿ ಭಕ್ತಿಗೀತೆ ಹಾಡಿದಳು. ಅದನ್ನು ಮೆಚ್ಚಿ ಹಂಚಿಕೊಂಡವರು ಬಹಳ. ಜೊತೆಗೇ ಮುಸ್ಲಿಮರ ಹೆಸರು ಹೊತ್ತ ಫೇಸ್‌ಬುಕ್ ಪುಟದಲ್ಲಿ ಆಕೆಯನ್ನೂ ಹೆತ್ತವರನ್ನೂ ಹೀಯಾಳಿಸಲಾಯಿತು. ಸಂತ ಶಿಶುನಾಳ ಶರೀಫರು ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿಕೊಂಡ ನಾಡಿದು. ಸಂಗೀತದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೆ ಇರಲಿ, ಹೆಣ್ಣುಮಗಳನ್ನು ನಿಂದಿಸಲು ಯಾವ ವಿದ್ವಾಂಸರ ಅನುಮತಿ ಇದೆ?

2020ರ ಆಗಸ್ಟ್ 11ರ ರಾತ್ರಿ ಇದಕ್ಕಿಂತ ಕಹಿಯಾದುದು. ಪ್ರವಾದಿಯವರನ್ನು ಅವಮಾನಿಸುವ ಫೇಸ್‌ಬುಕ್ ಪೋಸ್ಟ್ ನೆಪವಾಗಿ ಬೆಂಗಳೂರಿನ ಡಿ.ಜೆ.ಹಳ್ಳಿ, ಕೆ.ಜಿ.ಹಳ್ಳಿಗಳಲ್ಲಿ ಠಾಣೆ, ವಾಹನಗಳಿಗೆ ಬೆಂಕಿ ಬಿತ್ತು. ಪೋಸ್ಟ್ ಹಾಕಿದವನು ಸಂಬಂಧಿ ಎಂಬ ಕಾರಣಕ್ಕೆ ಶಾಸಕರ ಮನೆಯೂ ಸುಟ್ಟಿತು. ಪೊಲೀಸ್ ಗುಂಡಿಗೆ ಪ್ರಾಣಗಳು ಹೋದವು, ನೂರಾರು ಮಂದಿ ಜೈಲು ಸೇರಿದರು. ಆ ಪೋಸ್ಟ್ ಅಪರಾಧವಾಗಿದ್ದರೆ ದೂರು ಕೊಡಲು ದಂಡ ಸಂಹಿತೆಯ 295ಎ ಕಲಮಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಇದೆ. ಕಲ್ಲೆತ್ತಿದವರು ಪ್ರವಾದಿಯವರ ಗೌರವವನ್ನು ಎಷ್ಟು ಹೆಚ್ಚಿಸಿದರು? ಅದೇ ರಾತ್ರಿ ಅದೇ ಬಡಾವಣೆಯ ಮುಸ್ಲಿಮ್ ಯುವಕರು ಕೈಕೈ ಹಿಡಿದು ಹನುಮಂತನ ಗುಡಿಯನ್ನು ಕಾದರು. ಆ ವಿಡಿಯೊವನ್ನೂ ದೇಶ ಹಂಚಿಕೊಂಡಿತು. ಪ್ರವಾದಿಯವರ ಅನುಯಾಯಿಗಳನ್ನು ಜನ ಗುರುತಿಸಿದ್ದು ಅಲ್ಲಿ.

ಕುರ್‌ಆನಿನ ಹುಜುರಾತ್ ಅಧ್ಯಾಯದ ಆರನೇ ವಚನ, ನೆಚ್ಚಿಕೆಗೆ ತಕ್ಕವನಲ್ಲದವನು ಸುದ್ದಿ ತಂದರೆ ಪರಿಶೀಲಿಸಿರೆಂದು ಆದೇಶಿಸುತ್ತದೆ. ಅದೇ ಅಧ್ಯಾಯ ಪರರನ್ನು ಗೇಲಿ ಮಾಡುವುದನ್ನೂ, ಗುಮಾನಿ ಪಡುವುದನ್ನೂ, ಅವರ ಗುಟ್ಟು ಕೆದಕುವುದನ್ನೂ ನಿಷೇಧಿಸುತ್ತದೆ. ಮೊಬೈಲ್ ಹಿಡಿದ ಕೈಗೆ ಇದಕ್ಕಿಂತ ಸ್ಪಷ್ಟವಾದ ಶಿಸ್ತು ಇನ್ನಾವುದು ಬೇಕು? ಪರಿಶೀಲಿಸಿ ಮಾತಾಡು ಎನ್ನುವ ಈ ಶಿಸ್ತನ್ನೇ ನಾವು ಮಾತಾಡಬೇಡ ಎಂದು ತಿರುಚಿಕೊಂಡೆವು.

ಆದ್ದರಿಂದ ಹಿರಿಯರಲ್ಲಿ ಒಂದು ಬೇಡಿಕೆ. ಮಕ್ಕಳಿಗೆ ಭಯ ಕಲಿಸುವ ಬದಲು ಕಾನೂನು ಕಲಿಸಿ. ಶಾದಿಮಹಲಿಗೂ ವಾರ್ಷಿಕೋತ್ಸವದ ಪೆಂಡಾಲಿಗೂ ಹಣ ಹೊಂದಿಸುವ ಜಮಾಅತ್‌ಗಳು, ಬರೆದ ಕಾರಣಕ್ಕೆ ಠಾಣೆಗೆ ಕರೆಸಿಕೊಂಡ ಬಡ ಹುಡುಗನಿಗೆ ಒಬ್ಬ ವಕೀಲರನ್ನು ಹೊಂದಿಸಲಾರವೇ? ಮಗ ಸುಳ್ಳು ಹಂಚಿದರೆ ಮನೆಯಲ್ಲೇ ಕಿವಿ ಹಿಂಡಿ. ಆತ ನಿಜವನ್ನು ಸಭ್ಯ ಭಾಷೆಯಲ್ಲಿ ಬರೆದು ತೊಂದರೆಗೆ ಸಿಲುಕಿದರೆ, 'ಮೊದಲೇ ಹೇಳಿರಲಿಲ್ಲವೇ' ಎನ್ನುತ್ತಾ ಮನೆಯ ಬಾಗಿಲು ಹಾಕಿಕೊಳ್ಳದೆ ಅವನ ಜೊತೆ ಠಾಣೆಯ ಮೆಟ್ಟಿಲು ಹತ್ತಿ.