ನಗುವಿನಿಂದ ದುಃಖ ಕೆಟ್ಟಿಲ್ಲ

ಬಾಂಗ್ ಜೂನ್-ಹೋ ನಿರ್ದೇಶನದ ‘ದಿ ಹೋಸ್ಟ್’ (2006) ಭಯ, ಹಾಸ್ಯ, ದುಃಖಗಳನ್ನು ಕಲಸಿರುವುದರಿಂದ ಪ್ರೇಕ್ಷಕರಲ್ಲಿ ಯಾವ ಭಾವವೂ ನೆಲೆಯೂರುವುದಿಲ್ಲ ಎಂಬುದು ಪ್ರಕಟಿತ ವಿಮರ್ಶೆಯೊಂದರ ವಾದ. ವಸ್ತುಸ್ಥಿತಿ ಬೇರೆಯೇ ಇದೆ.

ಸುಮಾರು 4.8 ಕೋಟಿ ಜನರಿದ್ದ ದಕ್ಷಿಣ ಕೊರಿಯಾದಲ್ಲಿ ಚಿತ್ರದ 1.3 ಕೋಟಿ ಟಿಕೆಟ್‌ಗಳು ಮಾರಾಟವಾದವು. ಅದು ಅಂದಿನ ದಾಖಲೆ. ಜನಪ್ರಿಯತೆ ಗುಣಕ್ಕೆ ಪುರಾವೆಯಲ್ಲ. ಆದರೆ ಈ ಮಿಶ್ರಣ ಪ್ರೇಕ್ಷಕರನ್ನು ದೂರ ತಳ್ಳಲಿಲ್ಲ ಎಂಬುದಕ್ಕೆ ಸಾಕು.

ಚಿತ್ರದ ಸಾಮೂಹಿಕ ಶ್ರದ್ಧಾಂಜಲಿಯಲ್ಲಿ, ದೈತ್ಯಜೀವಿ ಹೊತ್ತೊಯ್ದು ಸತ್ತಳೆಂದು ಭಾವಿಸಲಾದ ಬಾಲಕಿಯ ಮನೆಯವರು ಗೋಳಾಡುತ್ತ ನೆಲದಲ್ಲಿ ಹೊರಳಾಡುವಾಗ ನಗು ಬರುತ್ತದೆ. ಆ ಎಡವಟ್ಟು ಮಂದಿಯೇ, ಅವಳು ಬದುಕಿದ್ದಾಳೆಂಬ ಮಾತಿಗೆ ಅಧಿಕಾರಿಗಳು ಕಿವಿಗೊಡದಿದ್ದಾಗ, ಅವಳನ್ನು ಹುಡುಕಲು ಹೊರಡುತ್ತಾರೆ. ಅವರ ಅಸಹಾಯಕತೆಯನ್ನು ಹಾಸ್ಯವೇ ನಂಬಿಸಿರುತ್ತದೆ.

ವ್ಯಂಗ್ಯಕ್ಕೂ ನೆಲೆಯಿದೆ: 2000ರಲ್ಲಿ ಸೋಲ್‌ನ ಅಮೆರಿಕನ್ ಸೇನಾನೆಲೆಯಲ್ಲಿ ಫಾರ್ಮಾಲ್ಡಿಹೈಡ್ ಚರಂಡಿಗೆ ಸುರಿದ ನಿಜ ಪ್ರಕರಣವೇ ಮೊದಲ ದೃಶ್ಯಕ್ಕೆ ಮೂಲ. ಇಲ್ಲಿ ಹಾಸ್ಯ ಕಲಬೆರಕೆಯಲ್ಲ, ಕಥೆಯ ಆಧಾರ.