ಸೈಕಲ್ ತುಳಿದರೆ ಹೊಟ್ಟೆ ತುಂಬುತ್ತದೆಯೇ?

ವಿಜಯಪುರದಲ್ಲಿರುವ ನನ್ನ ಖಾಲಾ ಮಗನಿಗೆ ಅಲ್ಲಿನ ಸೈಕ್ಲಿಂಗ್ ಕ್ರೀಡಾ ವಸತಿನಿಲಯ ಸೇರುವ ಆಸೆ. ಖಾಲಾ ಬೇಡ ಎನ್ನುತ್ತಾರೆ, ಖಾಲೂ ಸುಮ್ಮನಿದ್ದಾರೆ. ನಾನು ಕಾಮರ್ಸ್ ಓದುತ್ತೇನಲ್ಲ, "ನೀನೇ ಲೆಕ್ಕ ಹಾಕಿ ಹೇಳು" ಎಂದು ಅಮ್ಮಿ ನನಗೆ ಒಪ್ಪಿಸಿದ್ದಾರೆ. ಚಾಮರಾಜಪೇಟೆಯ ನಮ್ಮ ಗಲ್ಲಿಯಲ್ಲಿ ಸೈಕಲ್ ಎಂದರೆ ಹಾಲು, ಪೇಪರ್, ಬನ್ನು ಹಂಚುವ ಗಾಡಿ. ಅದೊಂದು ಉದ್ಯೋಗ ಎಂದರೆ ನಗುತ್ತಾರೆ.

ನಗಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. 2016ರ ಅಕ್ಟೋಬರಿನಲ್ಲಿ ದೋಹಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಟೈಮ್ ಟ್ರಯಲ್‌ನಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಡುತ್ತಾರೆ, ಎದುರಾಳಿ ಗಡಿಯಾರ ಮಾತ್ರ. 40 ಕಿ.ಮೀ. ದೂರದ ಆ ಸ್ಪರ್ಧೆ ಗೆದ್ದವರು ಜರ್ಮನಿಯ ಟೋನಿ ಮಾರ್ಟಿನ್. ಅವರಿಗೆ ಅದು ನಾಲ್ಕನೇ ಪ್ರಶಸ್ತಿ. ಅದೇ ರಸ್ತೆಯಲ್ಲಿ ಬೆಂಗಳೂರಿನ ನವೀನ್ ಜಾನ್ ಕೂಡ ತುಳಿದರು. ಎಂಜಿನಿಯರಿಂಗ್ ಓದಿದವರು, 2014ರ ರಾಷ್ಟ್ರೀಯ ಚಾಂಪಿಯನ್. ಬಹಳ ಹಿಂದೆ ಮುಗಿಸಿದರು, ನಿಜ. ಆದರೆ ಆ ಗೆರೆಯಲ್ಲಿ ನಿಂತಿದ್ದರಲ್ಲ!

ಈಗ ಲೆಕ್ಕ. ಕ್ರಿಕೆಟ್ಟಿಗೆ ಚಿನ್ನಸ್ವಾಮಿಯಲ್ಲಿ ಟಿಕೆಟ್ ಕೊಳ್ಳಬೇಕು. ರಸ್ತೆ ಸೈಕ್ಲಿಂಗಿಗೆ ಗೇಟೇ ಇಲ್ಲ, ಜನ ಬದಿಯಲ್ಲಿ ನಿಂತು ಪುಕ್ಕಟೆ ನೋಡುತ್ತಾರೆ. (2021ರ ಟೂರ್ ಡಿ ಫ್ರಾನ್ಸ್‌ನಲ್ಲಿ ಹಾಗೆ ನಿಂತವರೊಬ್ಬರ ಫಲಕಕ್ಕೆ ಬಡಿದು ಬಿದ್ದದ್ದು ಇದೇ ಮಾರ್ಟಿನ್.) ಹೀಗಾಗಿ ತಂಡದ ಆದಾಯ ಬಹುಪಾಲು ಪ್ರಾಯೋಜಕ ಕಂಪನಿಯದ್ದು. ಅಂಗಿಯ ಮೇಲೆ ಹೆಸರು ಹಾಕಿಸಿಕೊಂಡ ಕಂಪನಿ ಹೋದರೆ ಸಂಬಳವೂ ಹೋದ ಹಾಗೆ. ಮಾರ್ಟಿನ್ 2008ರಲ್ಲಿ ಸೇರಿದ ತಂಡದಿಂದ ಡಾಯ್ಚ ಟೆಲಿಕಾಂ ಅದರ ಹಿಂದಿನ ನವೆಂಬರಿನಲ್ಲಷ್ಟೇ ಹೊರನಡೆದಿತ್ತು. ಕಾರಣ, ಉದ್ದೀಪನ ಮದ್ದಿನ ಹಗರಣಗಳು. ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿಯಂತೆ ಇದು. ನಮ್ಮ ಲೆಕ್ಕಶಾಸ್ತ್ರದ ಸರ್ ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

ಇನ್ನೊಂದು ಅಂಕಿ: ಮಾರ್ಟಿನ್ ನಿವೃತ್ತರಾದಾಗ ಅವರ ವಯಸ್ಸು 36. ಅಬ್ಬಾ ಆ ವಯಸ್ಸಿನಲ್ಲಿ ಅಂಗಡಿಯ ಮೊದಲ ಸಾಲವನ್ನೇ ತೀರಿಸಿರಲಿಲ್ಲ.

ಇಷ್ಟಾದರೂ ಹುಡುಗನನ್ನು ಕಳಿಸಿ ಎಂದೇ ಬರೆಯುತ್ತೇನೆ. ನಮ್ಮಲ್ಲಿ ರೈಲ್ವೆ, ಸೇನೆ ಸೈಕಲ್ ಸವಾರರಿಗೆ ಕೆಲಸ ಕೊಡುತ್ತವೆ. ಯುರೋಪಿನ ಪ್ರಾಯೋಜಕನಿಗಿಂತ ಅದು ಗಟ್ಟಿ. ಒಂದೇ ಷರತ್ತು, ಪಿಯುಸಿ ಬಿಡಬಾರದು. ಕಾಲೇಜಿಗೂ ಒಂದು ಕೋರಿಕೆ ಇದೆ: ನಮ್ಮ ಕ್ರೀಡಾ ಫಾರಂನಲ್ಲಿ ಕಬಡ್ಡಿ, ಥ್ರೋಬಾಲ್, ಚೆಸ್ ಇವೆ, ಸೈಕ್ಲಿಂಗ್ ಇಲ್ಲ. ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ. ಖಾಲಾಗೆ ನಾಳೆ ಫೋನ್ ಮಾಡಬೇಕು, ಅವರು ಒಪ್ಪುತ್ತಾರೋ ಇಲ್ಲವೋ.